ಗಣಿ ಷೇರಿಗೆ ಬೆಲೆ ಕಟ್ಟೋದು ಹೇಗೆ? ಹತ್ತು ವರ್ಷದ ಲಾಭ, ಇವತ್ತಿನ ರೂಪಾಯಿಯಲ್ಲಿ

2022ರ ಬೇಸಿಗೆ. ಹೊಸಪೇಟೆಯ ಗೆಳೆಯನೊಬ್ಬ ಮೊಬೈಲಿನ ಸ್ಕ್ರೀನ್‌ಶಾಟ್ ಕಳಿಸಿದ. ಕಬ್ಬಿಣದ ಅದಿರು ಅಗೆಯುವ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಷೇರು, ಬೆಲೆ 160 ರೂಪಾಯಿ ಆಸುಪಾಸು, ಪಕ್ಕದಲ್ಲೇ ‘ಪಿ/ಇ 5’ ಅಂತ ಹಸಿರು ಅಕ್ಷರ. ಕೆಳಗೆ ಅವನದೇ ಮಾತು: ‘ಇಷ್ಟು ಸೋವಿ ಷೇರು ಇನ್ನೆಲ್ಲಿ ಸಿಗುತ್ತೆ? ಐದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಲ್ವಾ?’

ಕೆಲವೇ ವಾರ ಕಳೆದಿತ್ತು. ಮೇ 21ರಂದು ಕೇಂದ್ರ ಸರ್ಕಾರ ಕಬ್ಬಿಣದ ಅದಿರಿನ ಮೇಲಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಅದಿರಿನ ರೇಟು ಬಿತ್ತು. ಕಂಪನಿಯ ಲಾಭ 2021-22ರಲ್ಲಿ ಸುಮಾರು 9,400 ಕೋಟಿ ಇದ್ದದ್ದು ಮರುವರ್ಷ 5,600 ಕೋಟಿಗೆ ಇಳಿಯಿತು. ಗೆಳೆಯ ನೋಡಿದ ‘5’ರಲ್ಲಿ ತಪ್ಪೇನೂ ಇರಲಿಲ್ಲ, ಲೆಕ್ಕ ಸರಿಯಾಗೇ ಇತ್ತು. ಆದರೆ ಆ ಲೆಕ್ಕಕ್ಕೆ ಹಾಕಿದ್ದು ಅದಿರಿಗೆ ಒಳ್ಳೇ ರೇಟು ಸಿಕ್ಕ ಒಂದು ವರ್ಷದ ಲಾಭ.

2025ರ ಹೊತ್ತಿಗೆ ದೇಶದಲ್ಲಿ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳು 19 ಕೋಟಿ ದಾಟಿದ್ದವು. ಸಂಡೂರು, ಬಳ್ಳಾರಿ ಕಡೆಯವರಿಗೆ ಗಣಿ ಅಂದರೆ ಕಣ್ಣೆದುರಿನ ಗುಡ್ಡ. ಹಾಗಾಗಿ ಗಣಿ ಷೇರು ಕೊಳ್ಳುವಾಗ ‘ನಮಗೆ ಗೊತ್ತಿರೋದೇ’ ಅನ್ನುವ ಧೈರ್ಯ ಜಾಸ್ತಿ. ಗುಡ್ಡ ಗೊತ್ತಿದ್ದರೂ ಲೆಕ್ಕ ಬೇರೆಯೇ. ಆ ಲೆಕ್ಕದಲ್ಲಿ ಒಂದು ಹಳೆಯ, ಒಳ್ಳೆಯ ದಾರಿ ಇದೆ: ಹತ್ತು ವರ್ಷದ ಲಾಭವನ್ನೆಲ್ಲ ಇವತ್ತಿನ ರೂಪಾಯಿಗೆ ತಂದು, ಸರಾಸರಿ ತೆಗೆದು, ಅದರ ಮೇಲೆ ಬೆಲೆ ಕಟ್ಟುವುದು. ಎನ್‌ಎಂಡಿಸಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ನೋಡೋಣ. ಇದು ಕೊಳ್ಳಿ ಅಥವಾ ಮಾರಿ ಅನ್ನುವ ಸಲಹೆ ಅಲ್ಲ.

ಪಿ/ಇ ಅಂದರೆ ಇಷ್ಟೇ

ಒಂದು ಷೇರಿನ ಬೆಲೆಯನ್ನು, ಆ ಷೇರಿನ ಪಾಲಿಗೆ ಬಂದ ವರ್ಷದ ಲಾಭದಿಂದ ಭಾಗಿಸಿದರೆ ಪಿ/ಇ. ಬೆಲೆ 100, ಲಾಭ 10 ಆದರೆ ಪಿ/ಇ 10. ಲಾಭ ಹೀಗೇ ಬರುತ್ತಿದ್ದರೆ ಹತ್ತು ವರ್ಷದಲ್ಲಿ ಬೆಲೆಯಷ್ಟು ದುಡ್ಡು ದುಡಿದಂತಾಗುತ್ತದೆ.

ಈ ‘ಹೀಗೇ ಬರುತ್ತಿದ್ದರೆ’ ಅನ್ನುವುದರಲ್ಲೇ ಎಲ್ಲ ಇದೆ. ಬಾಡಿಗೆ ಮನೆಗೆ ಈ ಲೆಕ್ಕ ಒಪ್ಪುತ್ತದೆ. ಬಾಡಿಗೆ ಈ ವರ್ಷ 15 ಸಾವಿರ ಇದ್ದರೆ ಮುಂದಿನ ವರ್ಷ 40 ಸಾವಿರ ಆಗುವುದಿಲ್ಲ, 3 ಸಾವಿರಕ್ಕೆ ಬೀಳುವುದೂ ಇಲ್ಲ. ಸೋಪು, ಬಿಸ್ಕತ್ತು ಮಾಡುವ ಕಂಪನಿಗೂ ಹೆಚ್ಚುಕಮ್ಮಿ ಒಪ್ಪುತ್ತದೆ. ಗಣಿಗೆ ಒಪ್ಪುವುದಿಲ್ಲ.

2023ರ ಜುಲೈ ನೆನಪಿದೆಯಾ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ರಾತ್ರಿ ಹೊತ್ತು ಹೊಲಕ್ಕೆ ಕಾವಲು ಹಾಕಿದ್ದರು. ಆ ತಿಂಗಳ ಆದಾಯ ನೋಡಿ, ‘ಎಕರೆಗೆ ಇಷ್ಟು ಬರುತ್ತೆ, ಅದರ ಐದು ಪಟ್ಟು ಕೊಡ್ತೀನಿ’ ಅಂತ ಯಾರಾದರೂ ಜಮೀನು ಕೊಂಡರೆ ಊರಿನವರು ನಗುತ್ತಿದ್ದರು. ರಸ್ತೆಗೆ ಟೊಮೆಟೊ ಸುರಿದ ವರ್ಷಗಳೂ ಅವರಿಗೆ ನೆನಪಿರುತ್ತವೆ. ಜಮೀನು ಕೊಳ್ಳುವಾಗ ಇಷ್ಟು ಜಾಣರಾದ ನಾವು, ಷೇರು ಕೊಳ್ಳುವಾಗ ಆ್ಯಪ್ ತೋರಿಸಿದ ಒಂದು ಸಂಖ್ಯೆಗೆ ಬೆಪ್ಪಾಗುತ್ತೇವೆ.

ಅದಿರಿನ ಲಾಭ ಯಾಕೆ ಹೀಗೆ ಕುಣಿಯುತ್ತದೆ

ಕಬ್ಬಿಣದ ಅದಿರಿನ ರೇಟು ಕುಣಿಯುವುದು ಮುಖ್ಯವಾಗಿ ಚೀನಾದ ತಾಳಕ್ಕೆ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಉಕ್ಕು ಅಲ್ಲೇ ತಯಾರಾಗುತ್ತದೆ. 2015ರ ಡಿಸೆಂಬರ್‌ನಲ್ಲಿ ಅಲ್ಲಿಗೆ ತಲುಪುವ ಅದಿರು ಟನ್ನಿಗೆ 40 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. 2021ರ ಮೇ ತಿಂಗಳಲ್ಲಿ 230 ಡಾಲರ್ ಮುಟ್ಟಿತ್ತು. ನಡುವೆ 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಗಣಿತ್ಯಾಜ್ಯದ ಅಣೆಕಟ್ಟು ಒಡೆದು 270 ಜನ ಸತ್ತರು. ಅದರಿಂದ ಪೂರೈಕೆ ಕುಸಿದು ರೇಟು ಏರಿತು. ಎನ್‌ಎಂಡಿಸಿ ತನ್ನ ಅದಿರನ್ನು ಬಹುಪಾಲು ದೇಶದೊಳಗೇ ಮಾರುತ್ತದೆ. ಆದರೂ ಹೊರಗಿನ ರೇಟಿನ ನೆರಳು ಅದರ ಮೇಲೆ ಬಿದ್ದೇ ಬೀಳುತ್ತದೆ.

ರೇಟು ಒಂದು ಪಟ್ಟು ಕುಣಿದರೆ ಲಾಭ ಎರಡು ಪಟ್ಟು ಕುಣಿಯುತ್ತದೆ. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಟನ್ ಅದಿರು ಅಗೆದು, ಪುಡಿ ಮಾಡಿ, ರಾಯಧನ (ಅದಿರಿಗಾಗಿ ಸರ್ಕಾರಕ್ಕೆ ಕೊಡುವ ಪಾಲು) ಕಟ್ಟಿ, ರೈಲಿಗೆ ತುಂಬಲು 1,800 ರೂಪಾಯಿ ಖರ್ಚು ಅಂತಿಟ್ಟುಕೊಳ್ಳಿ. 3,000ಕ್ಕೆ ಮಾರಿದರೆ 1,200 ಲಾಭ. ರೇಟು 4,500 ಆಯಿತು. ಗುಡ್ಡ ಅದೇ, ಲಾರಿ ಅದೇ, ಡ್ರೈವರ್ ಸಂಬಳ ಅದೇ. ಲಾಭ ಮಾತ್ರ 2,700. ರೇಟು 2,000ಕ್ಕೆ ಇಳಿದರೆ ಉಳಿಯುವುದು ಬರೀ 200. ನಿಜದಲ್ಲಿ ರೇಟಿನ ಜೊತೆ ರಾಯಧನವೂ ಸ್ವಲ್ಪ ಏರಿಳಿಯುತ್ತದೆ, ಆದರೆ ಕಥೆ ಇದೇ. ಗಣಿಯಲ್ಲಿ ಏನೂ ಬದಲಾಗದೆ ಲಾಭ ಹದಿಮೂರು ಪಟ್ಟು ಹೆಚ್ಚುಕಮ್ಮಿ ಆಗಬಹುದು.

ಇಲ್ಲೊಂದು ತಮಾಷೆಯೂ ಇದೆ. ರೇಟು ಚೆನ್ನಾಗಿದ್ದಾಗ ಲಾಭ ಉಬ್ಬುತ್ತದೆ, ಅದಕ್ಕೆ ಪಿ/ಇ ಚಿಕ್ಕದಾಗಿ ಕಾಣುತ್ತದೆ. ರೇಟು ಬಿದ್ದಾಗ ಲಾಭ ಸೊರಗುತ್ತದೆ, ಪಿ/ಇ ದೊಡ್ಡದಾಗಿ ಕಾಣುತ್ತದೆ. ಅಂದರೆ ಗಣಿ ಷೇರು ‘ಸೋವಿ’ಯಾಗಿ ಕಾಣುವುದು ಸುಗ್ಗಿ ಮುಗಿಯುವ ಹೊತ್ತಿಗೆ.

ಸರಾಸರಿಯ ಯೋಚನೆ ಎಲ್ಲಿಂದ ಬಂತು

1929ರ ಅಮೆರಿಕದ ಷೇರುಪೇಟೆ ಕುಸಿತದಲ್ಲಿ ಕೈ ಸುಟ್ಟುಕೊಂಡ ಬೆಂಜಮಿನ್ ಗ್ರಹಾಂ, ಡೇವಿಡ್ ಡಾಡ್ ಜೊತೆ ಸೇರಿ 1934ರಲ್ಲಿ ಬರೆದ ಪುಸ್ತಕದಲ್ಲಿ ಈ ಮಾತು ಹೇಳಿದ್ದಾರೆ: ಒಂದು ವರ್ಷದ ಲಾಭ ನೋಡಬೇಡಿ, ಕನಿಷ್ಠ ಐದು, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷದ ಸರಾಸರಿ ನೋಡಿ. ಅರ್ಧ ಶತಮಾನದ ನಂತರ, 1988ರಲ್ಲಿ, ಜಾನ್ ಕ್ಯಾಂಪ್ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಅದಕ್ಕೆ ಹಣದುಬ್ಬರದ ತಿದ್ದುಪಡಿ ಸೇರಿಸಿ ಇಡೀ ಅಮೆರಿಕದ ಮಾರುಕಟ್ಟೆಗೆ ಹಾಕಿ ನೋಡಿದರು. ಅದಕ್ಕೆ ಈಗ ‘ಕೇಪ್’ ಅಥವಾ ಶಿಲ್ಲರ್ ಪಿ/ಇ ಅನ್ನುತ್ತಾರೆ. 1999ರ ಕೊನೆಗೆ, ಡಾಟ್‌ಕಾಮ್ ಹುಚ್ಚಿನ ಕಾಲದಲ್ಲಿ, ಅದು 44 ಮುಟ್ಟಿತ್ತು. ಮುಂದೆ ಏನಾಯಿತು ಎಲ್ಲರಿಗೂ ಗೊತ್ತು. ಶಿಲ್ಲರ್‌ಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಶಿಲ್ಲರ್ ಇದನ್ನು ಮಾಡಿದ್ದು ಇಡೀ ಮಾರುಕಟ್ಟೆಗೆ. ನಾವು ಒಂದೇ ಕಂಪನಿಗೆ ಹಾಕುತ್ತಿದ್ದೇವೆ. ಇದರಿಂದ ಬರುವ ತೊಂದರೆಗಳನ್ನು ಆಮೇಲೆ ನೋಡೋಣ.

ಹಳೆಯ ರೂಪಾಯಿ, ಹೊಸ ರೂಪಾಯಿ

ಬರೀ ಸರಾಸರಿ ಸಾಲದಾ? ಹಣದುಬ್ಬರ ಯಾಕೆ ನಡುವೆ ಬಂತು?

ನಮ್ಮ ಬೀದಿಯ ದರ್ಶಿನಿಯಲ್ಲಿ ಹತ್ತು ವರ್ಷದ ಹಿಂದೆ ಮಸಾಲೆ ದೋಸೆಗೆ 40 ರೂಪಾಯಿ ಇತ್ತು. ಈಗ 80. ಆಗ ಸಾವಿರ ರೂಪಾಯಿ ದುಡಿದವನು 25 ದೋಸೆ ದುಡಿದ ಹಾಗೆ. ಈಗ ಸಾವಿರ ದುಡಿದರೆ ಹನ್ನೆರಡೂವರೆ ದೋಸೆ. ಎರಡೂ ಸಾವಿರವನ್ನು ಸುಮ್ನೆ ಕೂಡಿಸಿದರೆ ಹಳೆಯ ದುಡಿಮೆಗೆ ಮೋಸ ಮಾಡಿದಂತೆ.

ದೋಸೆಯ ಬದಲು ಸರ್ಕಾರ ಒಂದು ದೊಡ್ಡ ಬುಟ್ಟಿಯನ್ನೇ ತೂಗುತ್ತದೆ. ಅಕ್ಕಿ, ಬೇಳೆ, ಬಾಡಿಗೆ, ಬಸ್ ಚಾರ್ಜು, ಆಸ್ಪತ್ರೆ ಎಲ್ಲ ಸೇರಿ. ಅದೇ ಗ್ರಾಹಕ ಬೆಲೆ ಸೂಚ್ಯಂಕ. 2012ರ ಬುಟ್ಟಿಯನ್ನು 100 ಅಂತಿಟ್ಟರೆ, 2015-16ರಲ್ಲಿ ಅದು ಸುಮಾರು 125, 2024-25ರಲ್ಲಿ ಸುಮಾರು 193. ಅಂದರೆ 2015-16ರ 100 ರೂಪಾಯಿ, 2024-25ರ 154 ರೂಪಾಯಿಗೆ ಸಮ. 193ನ್ನು 125ರಿಂದ ಭಾಗಿಸಿದ್ದು, ಅಷ್ಟೇ.

ಸಗಟು ಬೆಲೆ ಸೂಚ್ಯಂಕ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಆ ಬುಟ್ಟಿಯಲ್ಲಿ ಲೋಹ, ಅದಿರುಗಳೂ ಇವೆ. ಅದಿರಿನ ರೇಟು ಏರಿದಾಗ ಸೂಚ್ಯಂಕವೂ ಜೊತೆಗೇ ಏರುತ್ತದೆ. ಅಳೆಯುವ ಕೋಲೇ ಉದ್ದವಾದ ಹಾಗೆ. ಷೇರಿನ ಒಡೆಯ ಕೊನೆಗೆ ಲಾಭದ ದುಡ್ಡಲ್ಲಿ ಅಕ್ಕಿ, ಬೇಳೆ ಕೊಳ್ಳುತ್ತಾನೆಯೇ ಹೊರತು ಅದಿರನ್ನಲ್ಲ. ಹಾಗಾಗಿ ಗ್ರಾಹಕ ಸೂಚ್ಯಂಕವೇ ಸರಿ.

ಈಗ ಕೈಯಾರೆ ಲೆಕ್ಕ

ಎನ್‌ಎಂಡಿಸಿ 1958ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಂಪನಿ, ಮುಖ್ಯ ಕಚೇರಿ ಹೈದರಾಬಾದ್. ದೊಡ್ಡ ಗಣಿಗಳು ಛತ್ತೀಸಗಡದ ಬೈಲಾಡಿಲಾದಲ್ಲಿ, ಕರ್ನಾಟಕದಲ್ಲಿ ಇರುವುದು ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ. ಹತ್ತು ವರ್ಷದ ನಿವ್ವಳ ಲಾಭವನ್ನು ನೂರು ಕೋಟಿಗೆ ಹೊಂದಿಸಿ ಕೆಳಗೆ ಕೊಟ್ಟಿದ್ದೇನೆ. ಮೊದಲನೆಯದು ಆ ವರ್ಷದ ರೂಪಾಯಿ, ಎರಡನೆಯದು 2024-25ರ ರೂಪಾಯಿ. ಎಲ್ಲವೂ ಕೋಟಿಯಲ್ಲಿ.

2015-16: 3,000 → 4,600
2016-17: 2,600 → 3,800
2017-18: 3,800 → 5,400
2018-19: 4,600 → 6,300
2019-20: 3,600 → 4,700
2020-21: 6,300 → 7,800
2021-22: 9,400 → 11,100
2022-23: 5,600 → 6,200
2023-24: 5,600 → 5,900
2024-25: 6,500 → 6,500

ಎಡಗಡೆಯ ಸರಾಸರಿ 5,100 ಕೋಟಿ. ಬಲಗಡೆಯದು 6,230 ಕೋಟಿ. ಹಣದುಬ್ಬರ ಮರೆತರೆ ಸಾವಿರ ಕೋಟಿಗೂ ಜಾಸ್ತಿ ತಪ್ಪುತ್ತದೆ.

ಕಂಪನಿಯಲ್ಲಿ ಈಗ ಸುಮಾರು 879 ಕೋಟಿ ಷೇರುಗಳಿವೆ. 6,230 ಕೋಟಿಯನ್ನು ಹಂಚಿದರೆ ಷೇರಿಗೆ ಹೆಚ್ಚುಕಮ್ಮಿ 7 ರೂಪಾಯಿ 10 ಪೈಸೆ. ಇದೇ ನಮಗೆ ಬೇಕಾದ ಸಂಖ್ಯೆ. ಆ ದಿನದ ಷೇರು ಬೆಲೆಯನ್ನು 7.10ರಿಂದ ಭಾಗಿಸಿದರೆ ಹತ್ತು ವರ್ಷದ ಪಿ/ಇ ಸಿಗುತ್ತದೆ. ಬೆಲೆ 71 ಇದ್ದರೆ 10, ಬೆಲೆ 85 ಇದ್ದರೆ 12.

2024-25ರ ಒಂದೇ ವರ್ಷದ ಲಾಭ ಹಂಚಿದರೆ 7.40 ಬರುತ್ತದೆ. ಸರಾಸರಿಗೆ ಅದು ಹತ್ತಿರವೇ ಇದೆ. ಅಂದರೆ ಅದು ಸುಗ್ಗಿಯೂ ಅಲ್ಲದ, ಬರವೂ ಅಲ್ಲದ ವರ್ಷ. ಈ ಒಂದು ವಿಷಯ ತಿಳಿಯಲೂ ಸರಾಸರಿ ಬೇಕು.

ಒಂದೇ ಷೇರು, ಎರಡು ಮಾರ್ಚ್

ಈ ಪಟ್ಟಿ ಮಾಡುವಾಗ ನನಗೆ ಅಚ್ಚರಿಯಾದದ್ದು ಇದು.

2017ರ ಮಾರ್ಚ್ ಕೊನೆಗೆ ಎನ್‌ಎಂಡಿಸಿ ಷೇರು 130 ರೂಪಾಯಿ ಆಸುಪಾಸು ಇತ್ತು. ಆಗಿದ್ದ ಷೇರುಗಳು ಸುಮಾರು 316 ಕೋಟಿ. ಇಡೀ ಕಂಪನಿಯ ಬೆಲೆ ಹತ್ತಿರ ಹತ್ತಿರ 42 ಸಾವಿರ ಕೋಟಿ. ಆ ವರ್ಷದ ಲಾಭ 2,600 ಕೋಟಿ. ಪಿ/ಇ 16. ದುಬಾರಿ ಅಂತ ಎಷ್ಟೋ ಜನ ಬಿಟ್ಟಿರುತ್ತಾರೆ.

2022ರ ಮಾರ್ಚ್ ಕೊನೆಗೆ ಬೆಲೆ 160 ಆಸುಪಾಸು, ಷೇರುಗಳು 293 ಕೋಟಿ, ಕಂಪನಿಯ ಬೆಲೆ ಸುಮಾರು 47 ಸಾವಿರ ಕೋಟಿ. ಲಾಭ 9,400 ಕೋಟಿ. ಪಿ/ಇ 5. ನನ್ನ ಗೆಳೆಯನ ಸ್ಕ್ರೀನ್‌ಶಾಟ್.

ಈಗ ಎರಡು ದಿನಕ್ಕೂ ಹಿಂದಿನ ಹತ್ತು ವರ್ಷದ ಲಾಭವನ್ನು ಕ್ರಮವಾಗಿ 2017ರ ಮತ್ತು 2022ರ ರೂಪಾಯಿಗೆ ತಂದು ಸರಾಸರಿ ಮಾಡಿ. ಎರಡರಲ್ಲೂ ಆರೂವರೆಯಿಂದ ಏಳು ಸಾವಿರ ಕೋಟಿ ಬರುತ್ತದೆ. ಆ ಲೆಕ್ಕದಲ್ಲಿ 2017ರ ಪಿ/ಇ 6ರ ಹತ್ತಿರ, 2022ರದ್ದು 7ರ ಹತ್ತಿರ.

ಆ್ಯಪ್ ಪ್ರಕಾರ 16 ಮತ್ತು 5. ಆಕಾಶಕ್ಕೂ ಭೂಮಿಗೂ ಇರುವಷ್ಟು ದೂರ. ಹತ್ತು ವರ್ಷದ ಲೆಕ್ಕದಲ್ಲಿ ಎರಡೂ ಅಕ್ಕಪಕ್ಕ, ಅದರಲ್ಲೂ ‘ದುಬಾರಿ’ ಅನ್ನಿಸಿದ 2017 ಒಂದು ಕೂದಲು ಸೋವಿ. ನಡುವೆ ಬದಲಾಗಿದ್ದು ಮುಖ್ಯವಾಗಿ ಅದಿರಿನ ರೇಟು. ಗೆಳೆಯನಿಗೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 7 ಕೂಡ ಕಡಿಮೆ ಸಂಖ್ಯೆಯೇ. ಅವನು ಕೊಂಡದ್ದು ಹಾಳು ಬೆಲೆಗಲ್ಲ. ಆದರೆ ಅವನು ಅಂದುಕೊಂಡಷ್ಟು ಸೋವಿಯೂ ಆಗಿರಲಿಲ್ಲ.

ಇನ್ನೂ ಒಂದು. 2021-22ರ ಲಾಭವನ್ನು ‘ದಾಖಲೆ’ ಅಂದರು. ರೂಪಾಯಿ ಲೆಕ್ಕದಲ್ಲಿ ಹೌದು. 2012-13ರಲ್ಲಿ ಕಂಪನಿ 6,300 ಕೋಟಿ ಲಾಭ ಮಾಡಿತ್ತು. 2024-25ರ ರೂಪಾಯಿಗೆ ತಂದರೆ ಅದು 12 ಸಾವಿರ ಕೋಟಿ ಹತ್ತಿರ ಆಗುತ್ತದೆ, 2021-22ರ 11,100ಕ್ಕಿಂತ ಜಾಸ್ತಿ. ದೋಸೆ ಲೆಕ್ಕದಲ್ಲಿ ಹಳೆಯ ವರ್ಷವೇ ಗೆದ್ದಿತು.

ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ನಮ್ಮ ಹತ್ತು ವರ್ಷದ ಪಟ್ಟಿ ಶುರುವಾಗುವುದು ಅದಿರು ನೆಲಕಚ್ಚಿದ 2015-16ರಿಂದ. ಮೂರು ವರ್ಷ ಹಿಂದಿನಿಂದ ಶುರು ಮಾಡಿದ್ದರೆ ಸರಾಸರಿ ಏರುತ್ತಿತ್ತು. ಕೊನೆಯ ಐದೇ ವರ್ಷ ತೆಗೆದುಕೊಂಡರೆ 7,500 ಕೋಟಿ, ಮೊದಲ ಐದು ತೆಗೆದುಕೊಂಡರೆ 5,000 ಕೋಟಿ. ಗಣಿಯ ಏರಿಳಿತದ ಸುತ್ತು ಉದ್ದ. ಐದು ವರ್ಷ ಖಂಡಿತ ಸಾಲದು, ಹತ್ತು ಕೂಡ ಬಿಗಿಯೇ. ಹದಿನೈದು ವರ್ಷದ ಅಂಕಿ ಸಿಕ್ಕರೆ ಹಾಕಿ ನೋಡಿ.

ಹಳೆಯ ಗಣಿ, ಹೊಸ ಗಣಿ ಒಂದೇನಾ

ಶಿಲ್ಲರ್ ಲೆಕ್ಕವನ್ನು ಒಂದೇ ಕಂಪನಿಗೆ ಹಾಕಿದಾಗ ಬರುವ ತೊಂದರೆ ಇಲ್ಲಿದೆ. ಹತ್ತು ವರ್ಷದಲ್ಲಿ ಕಂಪನಿಯೇ ಬೇರೆಯಾಗಿರುತ್ತದೆ.

ಮೊದಲು ಷೇರುಗಳ ಸಂಖ್ಯೆ. ಕಂಪನಿ ಕೆಲವು ಸಲ ಷೇರುಗಳನ್ನು ವಾಪಸ್ ಕೊಂಡಿದೆ, 2024ರ ಡಿಸೆಂಬರ್‌ನಲ್ಲಿ ಇದ್ದ ಒಂದು ಷೇರಿಗೆ ಎರಡು ಬೋನಸ್ ಷೇರುಗಳನ್ನು ಪುಕ್ಕಟೆ ಕೊಟ್ಟಿದೆ. ಹಳೆಯ ವರದಿಯಲ್ಲಿ ‘ಷೇರಿಗೆ 32 ರೂಪಾಯಿ ಲಾಭ’ ಅಂತ ಇದ್ದರೆ ಅದನ್ನು ಹಾಗೇ ಎತ್ತಿ ಹಾಕಿದರೆ ಲೆಕ್ಕ ಕೆಡುತ್ತದೆ, ಬೋನಸ್ ಆದಮೇಲೆ ಅದು ಹತ್ತೂ ಚಿಲ್ಲರೆ. ಅದಕ್ಕೇ ನಾನು ಒಟ್ಟು ಲಾಭ ತೆಗೆದುಕೊಂಡು ಇವತ್ತಿನ ಷೇರುಗಳಿಗೆ ಹಂಚಿದ್ದು. ಹಾಗೇ, 2022ರ ಅಕ್ಟೋಬರ್‌ನಲ್ಲಿ ನಗರ್ನಾರ್ ಉಕ್ಕಿನ ಕಾರ್ಖಾನೆ ಬೇರೆ ಕಂಪನಿಯಾಗಿ ಹೋಯಿತು. ಅದಕ್ಕೂ ಹಿಂದಿನ ಷೇರು ಬೆಲೆಯಲ್ಲಿ ಆ ಕಾರ್ಖಾನೆಯ ಬೆಲೆಯೂ ಸೇರಿತ್ತು.

ಎರಡನೆಯದು ಟನ್ನು. 2015-16ರಲ್ಲಿ ಕಂಪನಿ ಅಗೆದದ್ದು ಸುಮಾರು 2.9 ಕೋಟಿ ಟನ್, 2024-25ರಲ್ಲಿ 4.4 ಕೋಟಿ ಟನ್. ಚಿಕ್ಕ ಗಣಿಯ ಲಾಭವನ್ನು ದೊಡ್ಡ ಗಣಿಯ ಲಾಭದ ಜೊತೆ ಸರಾಸರಿ ಮಾಡಿದರೆ ಇವತ್ತಿನ ಗಣಿಗೆ ಅನ್ಯಾಯ. ಪರಿಹಾರ ಸುಲಭ. ಹತ್ತು ವರ್ಷದ ತಿದ್ದಿದ ಲಾಭ ಒಟ್ಟು 62,300 ಕೋಟಿ. ಹತ್ತು ವರ್ಷದಲ್ಲಿ ಅಗೆದದ್ದು ಸುಮಾರು 36.8 ಕೋಟಿ ಟನ್. ಭಾಗಿಸಿದರೆ ಟನ್ನಿಗೆ 1,700 ರೂಪಾಯಿ ಹತ್ತಿರ. ಇದನ್ನು 2024-25ರ 4.4 ಕೋಟಿ ಟನ್ನಿಗೆ ಗುಣಿಸಿದರೆ 7,500 ಕೋಟಿ, ಷೇರಿಗೆ ಎಂಟೂವರೆ ರೂಪಾಯಿ. ನನ್ನ ಕೇಳಿದರೆ ಗಣಿ ಕಂಪನಿಗೆ ಈ ಟನ್ ಲೆಕ್ಕವೇ ಹೆಚ್ಚು ಅರ್ಥಪೂರ್ಣ. 2030ಕ್ಕೆ 10 ಕೋಟಿ ಟನ್ ಅನ್ನುವ ಗುರಿಯನ್ನು ಕಂಪನಿ ಹೇಳಿಕೊಂಡಿದೆ. ಆದರೆ ಅಗೆಯದ ಅದಿರಿಗೆ ಈಗಲೇ ಗುಣಿಸುವುದು ಹುಟ್ಟದ ಕರುವಿಗೆ ಹಗ್ಗ ಹೊಸೆದ ಹಾಗೆ.

ಮೂರನೆಯದು ನಿಯಮ. ಇಲ್ಲಿ ಸರಾಸರಿ ಹೆಚ್ಚಾಗಿ ತೋರಿಸುತ್ತದೆ, ಮತ್ತು ಕಥೆ ನಮ್ಮ ದೋಣಿಮಲೈಯದ್ದೇ. 2018ರ ನವೆಂಬರ್‌ನಲ್ಲಿ ಅಲ್ಲಿನ ಗುತ್ತಿಗೆ ಮುಗಿಯಿತು. ಮುಂದುವರಿಸಬೇಕಾದರೆ ಅದಿರಿನ ಬೆಲೆಯ ಶೇ. 80ರಷ್ಟು ಪ್ರೀಮಿಯಂ (ಹೆಚ್ಚುವರಿ ಹಣ) ಕೊಡಿ ಎಂದು ರಾಜ್ಯ ಸರ್ಕಾರ ಕೇಳಿತು. ಕಂಪನಿ ಗಣಿ ನಿಲ್ಲಿಸಿತು. ಎರಡು ವರ್ಷಕ್ಕೂ ಜಾಸ್ತಿ ಆ ಗುಡ್ಡ ಸುಮ್ಮನೆ ಕೂತಿತ್ತು. 2021ರ ಫೆಬ್ರುವರಿಯಲ್ಲಿ ಕೆಲಸ ಮತ್ತೆ ಶುರುವಾದದ್ದು ಶೇ. 22.5 ಪ್ರೀಮಿಯಂನ ಮೇಲೆ. ಅದೇ ವರ್ಷದ ಗಣಿ ಕಾನೂನು ತಿದ್ದುಪಡಿಯಲ್ಲಿ, ವಿಸ್ತರಣೆಯಾದ ಸರ್ಕಾರಿ ಕಂಪನಿಗಳ ಕಬ್ಬಿಣದ ಗುತ್ತಿಗೆಗಳು ರಾಯಧನದ ಒಂದೂವರೆ ಪಟ್ಟು ಹೆಚ್ಚುವರಿ ಕಟ್ಟಬೇಕೆಂದಾಯಿತು. ರಾಯಧನ ಶೇ. 15, ಅದರ ಒಂದೂವರೆ ಪಟ್ಟು ಅಂದರೆ ಅದೇ 22.5.

ಇದರ ತೂಕ ಎಷ್ಟು? 2016-17ರಲ್ಲಿ ಕಂಪನಿಯ ಮಾರಾಟ ಸುಮಾರು 8,800 ಕೋಟಿ. ಒರಟಾಗಿ ಅದರ ಶೇ. 22.5 ಅಂದರೆ 2,000 ಕೋಟಿ. ಆಗ ಆ ಹೊರೆ ಇರಲಿಲ್ಲ, ಈಗ ಇದೆ. ಅಂಥ ಬರದ ವರ್ಷ ಮತ್ತೆ ಬಂದರೆ, ಈ ಖರ್ಚಿನಿಂದ ಆದಾಯ ತೆರಿಗೆ ಸ್ವಲ್ಪ ಇಳಿದರೂ, ಲಾಭ ಆಗಿನ 2,600 ಕೋಟಿಯ ಅರ್ಧದ ಹತ್ತಿರ ನಿಲ್ಲಬಹುದು. ನಮ್ಮ ಪಟ್ಟಿಯ ಮೊದಲ ಐದು ವರ್ಷಗಳು ಹಳೆಯ ನಿಯಮದ ವರ್ಷಗಳು. ಇದರ ಮೇಲೆ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಹಿಂದಿನ ಹತ್ತು ವರ್ಷಕ್ಕೆ ಇದೆಲ್ಲ ಗೊತ್ತಿಲ್ಲ.

ಟನ್ ಲೆಕ್ಕ 7.10ನ್ನು ಎಂಟೂವರೆಗೆ ಎತ್ತಿತು, ನಿಯಮದ ಲೆಕ್ಕ ಮತ್ತೆ ಕೆಳಗೆ ಎಳೆಯುತ್ತದೆ. ಕೊನೆಗೆ ಆರೂವರೆಯಿಂದ ಎಂಟೂವರೆ ಅಂತ ಒಂದು ಅಂದಾಜು ಇಟ್ಟುಕೊಳ್ಳುವುದೇ ಪ್ರಾಮಾಣಿಕ. ಪೈಸೆ ಲೆಕ್ಕದ ನಿಖರತೆ ಇಲ್ಲಿ ಬರೀ ತೋರಿಕೆ.

ಎಷ್ಟು ಪಟ್ಟು ಕೊಡಬಹುದು: ಹಗೇವಿನ ಲೆಕ್ಕ

ಸರಿ, ಸರಾಸರಿ ಲಾಭ ಸಿಕ್ಕಿತು. ಅದರ ಹತ್ತು ಪಟ್ಟು ಕೊಡಬೇಕಾ, ಇಪ್ಪತ್ತಾ?

ಪಿ/ಇಯನ್ನು ತಲೆಕೆಳಗು ಮಾಡಿ ನೋಡಿ. 71 ರೂಪಾಯಿಗೆ ವರ್ಷಕ್ಕೆ 7.10 ದುಡಿಮೆ ಅಂದರೆ ಶೇ. 10. ಲಾಭವನ್ನು ಮೊದಲೇ ಇವತ್ತಿನ ರೂಪಾಯಿಗೆ ತಂದಿರುವುದರಿಂದ ಈ ಶೇ. 10 ಹಣದುಬ್ಬರ ಕಳೆದ ಮೇಲಿನದು. ಬ್ಯಾಂಕ್ ಠೇವಣಿಗೆ ಬಡ್ಡಿ ಶೇ. 7, ಹಣದುಬ್ಬರ ಶೇ. 5 ಅಂತಿಟ್ಟುಕೊಂಡರೆ ಕಳೆದು ಉಳಿಯುವುದು 2. ಹೋಲಿಸಿದರೆ ಗಣಿ ಭರ್ಜರಿಯಾಗಿ ಕಾಣುತ್ತದೆ, ಅಲ್ವಾ?

ಆದರೆ ಠೇವಣಿಯಲ್ಲಿ ಅಸಲು ಕೊನೆಗೆ ವಾಪಸ್ ಬರುತ್ತದೆ. ಗಣಿಯಲ್ಲಿ ಅಸಲೇ ಕರಗುತ್ತಿರುತ್ತದೆ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು, ನೆಲದೊಳಗಿನ ಕಣಜ. ದಿನಾ ಒಂದೊಂದು ಸೇರು ತೆಗೆದು ಉಣ್ಣುತ್ತಿದ್ದರೆ ಅದು ‘ಆದಾಯ’ ಅಲ್ಲ, ಕೂಡಿಟ್ಟದ್ದನ್ನು ತಿನ್ನುವುದು. ಗಣಿಯೂ ಅಂಥದ್ದೇ ಹಗೇವು, ಮುಂದಿನ ಸುಗ್ಗಿಗೆ ತುಂಬುವುದಿಲ್ಲ.

ಗಣಿಗೆ ಇನ್ನು 20 ವರ್ಷ ಆಯುಸ್ಸು ಅಂದುಕೊಳ್ಳಿ. 71 ರೂಪಾಯಿ ಅಸಲನ್ನು 20 ವರ್ಷದಲ್ಲಿ ಹಿಂಪಡೆಯಬೇಕಾದರೆ ವರ್ಷಕ್ಕೆ 3.55 ಬೇಕು. ಬರುವ 7.10ರಲ್ಲಿ ಅರ್ಧ ಅಲ್ಲಿಗೇ ಹೋಯಿತು. ನಿಜವಾದ ಗಳಿಕೆ ಶೇ. 5. ಆಯುಸ್ಸು ಹತ್ತೇ ವರ್ಷವಾದರೆ ಗಳಿಕೆ ಸೊನ್ನೆ. ಹೊಸ ನಿಕ್ಷೇಪ ಸಿಗಬಹುದು, ಗುತ್ತಿಗೆ ವಿಸ್ತರಣೆಯಾಗಬಹುದು. ಹಾಗಾದಾಗ ಲೆಕ್ಕ ಸುಧಾರಿಸುತ್ತದೆ. ಆದರೂ ಸೋಪಿನ ಕಂಪನಿಗೆ ಕೊಡುವ ಪಟ್ಟನ್ನು ಗಣಿಗೆ ಯಾಕೆ ಕೊಡಬಾರದು ಅನ್ನುವುದಕ್ಕೆ ಕಾರಣ ಇದೇ. ವಾರ್ಷಿಕ ವರದಿಯಲ್ಲಿ ಲಾಭದ ಪುಟಕ್ಕಿಂತ ಮೊದಲು ಎರಡು ವಿಷಯ ಹುಡುಕಿ: ನೆಲದಲ್ಲಿ ಉಳಿದಿರುವ ಅದಿರು ಎಷ್ಟು, ಗುತ್ತಿಗೆ ಮುಗಿಯುವ ವರ್ಷ ಯಾವುದು.

ಇದು ಬರೀ ಪುಸ್ತಕದ ಮಾತು ಅನ್ನಿಸಿದರೆ ಚಿಕ್ಕಮಗಳೂರಿನ ಘಟ್ಟ ಹತ್ತಿ ಕುದುರೆಮುಖಕ್ಕೆ ಹೋಗಿ ಬನ್ನಿ. ಅಲ್ಲಿನ ಗಣಿ ಅದಿರು ಮುಗಿದು ನಿಂತದ್ದಲ್ಲ. ರಾಷ್ಟ್ರೀಯ ಉದ್ಯಾನದ ಒಳಗಿತ್ತು, ಸುಪ್ರೀಂ ಕೋರ್ಟ್‌ನ 2002ರ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಅದಕ್ಕೆ ಹಿಂದಿನ ಹತ್ತು ವರ್ಷದ ಲಾಭವನ್ನು ಎಷ್ಟೇ ಅಚ್ಚುಕಟ್ಟಾಗಿ ಸರಾಸರಿ ಮಾಡಿದ್ದರೂ ಜನವರಿ 1ರ ಬಗ್ಗೆ ಅದು ಏನೂ ಹೇಳುತ್ತಿರಲಿಲ್ಲ. ಆ ಗಣಿ ನಡೆಸುತ್ತಿದ್ದ ಕಂಪನಿ ಉಳಿಯಿತು, ಅದಿರಿನ ಪುಡಿಯನ್ನು ಉಂಡೆ ಮಾಡುವ ಅದರ ಮಂಗಳೂರಿನ ಪೆಲೆಟ್ ಕಾರ್ಖಾನೆಯೂ ಉಳಿಯಿತು. ಅದಿರನ್ನು ಮಾತ್ರ ಹೊರಗಿನಿಂದ ಕೊಳ್ಳಬೇಕಾಯಿತು, ಅದರಲ್ಲಿ ಎನ್‌ಎಂಡಿಸಿಯ ಅದಿರೂ ಇತ್ತು.